ನೀಲಿ ಚುಕ್ಕೆ ದಾರಿ ತಪ್ಪುವುದೇಕೆ?

ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ಬರೀ ಅಂದಾಜು. ಉಪಗ್ರಹ, ಸುತ್ತಲಿನ ವೈ-ಫೈ, ಮೊಬೈಲ್ ಟವರ್, ಹೀಗೆ ಸಿಕ್ಕಷ್ಟು ಸುಳಿವು ಕೂಡಿಸಿ ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಲೆಕ್ಕ ಎಷ್ಟು ತಪ್ಪುತ್ತದೆ ಎಂಬುದು ಯಾವ ಸುಳಿವನ್ನು ನಂಬಿತು ಎಂಬುದರ ಮೇಲಿದೆ.

ಎಲ್ಲಕ್ಕಿಂತ ನಿಖರವಾದದ್ದು ಉಪಗ್ರಹ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ತಮ್ಮ ಪರಮಾಣು ಗಡಿಯಾರದ ಸಮಯವನ್ನು ಸದಾ ಬಿತ್ತರಿಸುತ್ತಿರುತ್ತವೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಫೋನು ದೂರವನ್ನು ಕಂಡುಕೊಳ್ಳುತ್ತದೆ. ಇದಕ್ಕೆ ನಾಲ್ಕು ಉಪಗ್ರಹಗಳಾದರೂ ಬೇಕು. ನಾಲ್ಕನೆಯದು ಫೋನಿನೊಳಗಿನ ಸಾಧಾರಣ ಗಡಿಯಾರದ ತಪ್ಪನ್ನು ಕಳೆಯಲು. ಸಂಕೇತದ್ದು ಬೆಳಕಿನ ವೇಗ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬೀಳುತ್ತದೆ.

ಬಯಲಿನಲ್ಲಿ ಸಾಮಾನ್ಯವಾಗಿ ಐದು ಮೀಟರ್ ಆಸುಪಾಸಿನಲ್ಲಿರುವ ತಪ್ಪು ಎತ್ತರದ ಕಟ್ಟಡಗಳ ನಡುವೆ ಬೆಳೆಯುತ್ತದೆ. ಅಲ್ಲಿ ಸಂಕೇತ ನೇರವಾಗಿ ಬಾರದೆ ಗೋಡೆ, ಗಾಜಿಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದೆಂದು ತಿಳಿಯದ ಫೋನು ಉಪಗ್ರಹ ಇನ್ನಷ್ಟು ದೂರವಿದೆ ಎಂದುಕೊಳ್ಳುತ್ತದೆ. ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಮೆಟ್ರೊ ಸುರಂಗಕ್ಕಂತೂ ಸಂಕೇತ ಇಳಿಯುವುದೇ ಇಲ್ಲ. ಬೇಕೆಂದೇ ಸುಳ್ಳು ಸಂಕೇತ ಬಿಡುವವರೂ ಇದ್ದಾರೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ಹಲವು ಹಡಗುಗಳ ಜಿಪಿಎಸ್, ಅವು ರಷ್ಯಾದ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿಸಿತ್ತು.

ಮನೆಯೊಳಗೆ ಫೋನು ವೈ-ಫೈ ಮೊರೆ ಹೋಗುತ್ತದೆ. ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ಪಟ್ಟಿ ಗೂಗಲ್, ಆ್ಯಪಲ್ ಬಳಿ ಇದೆ. ಮನೆ ಬದಲಿಸಿದವರು ರೂಟರನ್ನೂ ಹುಬ್ಬಳ್ಳಿಯಿಂದ ಮೈಸೂರಿಗೆ ಒಯ್ದರೆ, ಪಟ್ಟಿ ತಿದ್ದುವವರೆಗೆ ಅದರ ಬಳಿಯ ಫೋನು ಹುಬ್ಬಳ್ಳಿಯನ್ನೇ ತೋರಿಸಬಹುದು. ಇನ್ನು ಟವರ್ ಒಂದನ್ನೇ ನಂಬಿದ ಕಡೆ, ಟವರ್‌ಗಳು ವಿರಳವಾಗಿರುವ ಮಲೆನಾಡಿನಂಥ ಜಾಗಗಳಲ್ಲಿ, ತಪ್ಪು ಕಿಲೊಮೀಟರ್‌ಗಟ್ಟಲೆ.

ಲೊಕೇಶನ್ ಆಫ್ ಮಾಡಿದಾಗ ಜಾಲತಾಣಗಳು ಐಪಿ ವಿಳಾಸ ನೋಡಿ ಊರನ್ನು ಊಹಿಸುತ್ತವೆ. ಇದು ಎಲ್ಲಕ್ಕಿಂತ ಒರಟು ವಿಧಾನ: ಶಿವಮೊಗ್ಗದಲ್ಲಿ ಕುಳಿತವರು ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇರುವಂತೆ ಕಾಣಬಹುದು. ಇದರ ಅತಿರೇಕ ಅಮೆರಿಕದ ಕಾನ್ಸಾಸ್‌ನಲ್ಲಿ ನಡೆಯಿತು. ಐಪಿ ವಿಳಾಸಗಳ ಜಾಗ ತಿಳಿಸುವ ಮ್ಯಾಕ್ಸ್‌ಮೈಂಡ್ ಕಂಪನಿ, ಅಮೆರಿಕದ್ದು ಎಂಬುದರ ಹೊರತು ಬೇರೇನೂ ತಿಳಿಯದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಟ್ಟಿತ್ತು. ಅಕ್ಷಾಂಶ 38, ರೇಖಾಂಶ 97 ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದರಿಂದ ಬಿಂದು ಪಾಟ್ವಿನ್ ಎಂಬ ಊರಿನ ಬಳಿಯ ತೋಟದ ಮನೆಯೊಂದರ ಅಂಗಳಕ್ಕೆ ಬಿತ್ತು. 2016ರ ಹೊತ್ತಿಗೆ 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಒಂದೇ ಬಿಂದುವಿಗೆ ಗಂಟುಬಿದ್ದಿದ್ದವು. ವಂಚಕರನ್ನು, ಕದ್ದ ಮಾಲನ್ನು ಹುಡುಕುತ್ತ ಪೊಲೀಸರು ವರ್ಷಗಟ್ಟಲೆ ಆ ಬಾಗಿಲು ಬಡಿದಿದ್ದರು. ಕೊನೆಗೆ ಕಂಪನಿ ಬಿಂದುವನ್ನು ಒಂದು ಜಲಾಶಯದ ನಡುವೆ ಇಟ್ಟಿತು.

ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತವನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಿಜಕ್ಕೂ ನೋಡಬೇಕಾದದ್ದು ಅದನ್ನೇ. ಅನುಮಾನ ಹೆಚ್ಚಿದಷ್ಟೂ ವೃತ್ತ ಹಿಗ್ಗುತ್ತದೆ. ಆಂಡ್ರಾಯ್ಡ್ ಲೆಕ್ಕದಲ್ಲಿ ಫೋನು ವೃತ್ತದೊಳಗೆ ಇರುವ ಸಾಧ್ಯತೆ ಶೇ 68 ಮಾತ್ರ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಫೋನು ಅದರ ಹೊರಗಿರುತ್ತದೆ.