ತಪ್ಪುಗಳ ದಫ್ತರ

ಕಂಪ್ಯೂಟರಿನ ‘ಬಗ್’ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳುವ ಕಥೆ ಒಂದೇ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಮಾರ್ಕ್-2 ಯಂತ್ರದ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿತು, ಕೆಲಸದಲ್ಲಿದ್ದವರು ಅದನ್ನು ಹೊರತೆಗೆದು ದಾಖಲೆ ಪುಸ್ತಕಕ್ಕೆ ಅಂಟಿಸಿದರು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಕಥೆಯೇನೋ ಸೊಗಸಾಗಿದೆ. ಆದರೆ ಅದರಿಂದ ಪ್ರೋಗ್ರಾಮ್ ಬರೆಯುವವರು ಕಲಿಯುವುದು ಏನೂ ಇಲ್ಲ. ಹಾರಿ ಬಂದ ಹುಳಕ್ಕೆ ಯಾರೂ ಹೊಣೆಯಲ್ಲ. ತಪ್ಪು ತನ್ನದೇ ಎಂದು ಒಪ್ಪಿ, ದಿನಾಂಕ ಹಾಕಿ, ಹತ್ತು ವರ್ಷ ಬರೆದಿಟ್ಟು, ಕೊನೆಗೆ ಅದನ್ನೆಲ್ಲ ಅಚ್ಚು ಹಾಕಿಸಿ ಲೋಕದ ಮುಂದಿಟ್ಟ ಒಬ್ಬರ ಕಥೆ ಬೇರೆಯೇ ಇದೆ. ಅದನ್ನು ಹೇಳುವವರು ಕಡಿಮೆ.

ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್. ‘ಸಾಫ್ಟ್‌ವೇರ್: ಪ್ರ್ಯಾಕ್ಟೀಸ್ ಅಂಡ್ ಎಕ್ಸ್‌ಪೀರಿಯೆನ್ಸ್’ ಎಂಬ ನಿಯತಕಾಲಿಕದ 1989ರ ಜುಲೈ ಸಂಚಿಕೆಯಲ್ಲಿ ಅವರ ‘ದಿ ಎರರ್ಸ್ ಆಫ್ ಟೆಕ್’ ಎಂಬ ದೀರ್ಘ ಪ್ರಬಂಧವಿದೆ. ತಾವೇ ಬರೆದ ಒಂದು ಪ್ರೋಗ್ರಾಮಿನಲ್ಲಿ ತಾವೇ ಮಾಡಿದ, ತಿದ್ದಿದ 850ಕ್ಕೂ ಹೆಚ್ಚು ತಪ್ಪುಗಳನ್ನು ಅದರ ಅನುಬಂಧದಲ್ಲಿ ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಮೊದಲ ನಮೂದಿನ ದಿನಾಂಕ 1978ರ ಮಾರ್ಚ್ 10. ಆ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದ ಮೇಲೆ ಪತಂಗದ ಕಥೆ ಸಪ್ಪೆಯಾಗುತ್ತದೆ.

ಈ ಪಟ್ಟಿ ಹುಟ್ಟಿದ್ದಕ್ಕೆ ಕಾರಣ ಅಚ್ಚಿನ ಮನೆಯಲ್ಲಿದೆ. ಕ್ನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಸಂಪುಟಗಳು 1968ರಿಂದ ಹೊರಬರತೊಡಗಿದವು. ಅವು ಸೀಸದ ಮೊಳೆಗಳಲ್ಲಿ ಜೋಡಿಸಿದ ಪುಸ್ತಕಗಳು. ಗಣಿತದ ಸೂತ್ರಗಳನ್ನು ಮೊಳೆಯಲ್ಲಿ ಕೂರಿಸಬಲ್ಲ ನುರಿತ ಕೈಗಳು ಆಗ ಇದ್ದವು. ಎಪ್ಪತ್ತರ ದಶಕದಲ್ಲಿ ಆ ಕೆಲಸ ದುಬಾರಿಯಾಗಿ, ಪ್ರಕಾಶಕರು ಫೋಟೊ ಅಕ್ಷರಜೋಡಣೆಗೆ ಹೊರಳಿದರು. 1977ರ ಮಾರ್ಚ್ ಕೊನೆಗೆ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡಚ್ಚು ಕೈಸೇರಿದಾಗ ಕ್ನೂತ್ ಅವರಿಗೆ ಅದನ್ನು ನೋಡಲಾಗಲಿಲ್ಲ. ಅಕ್ಷರಗಳ ಅಂದವೇ ಹೋಗಿತ್ತು. ಇದಕ್ಕೆ ಸ್ವಲ್ಪ ಕಾಲ ಮೊದಲು, ಕಂಪ್ಯೂಟರ್ ಬಳಸಿ ಚುಕ್ಕೆ ಚುಕ್ಕೆಯಾಗಿ ಮೂಡಿಸಿದ ಮತ್ತೊಬ್ಬರ ಪುಸ್ತಕದ ಕರಡನ್ನು ಅವರು ಕಂಡಿದ್ದರು. ಚುಕ್ಕೆ ಇದೆ ಅಥವಾ ಇಲ್ಲ, ಅಂದರೆ ಒಂದು ಅಥವಾ ಸೊನ್ನೆ. ಹಾಗಿದ್ದರೆ ಇದು ತನ್ನ ವಿದ್ಯೆಯೇ, ತಾನೇ ಮಾಡಬಹುದು ಎಂದು ಹೊರಟರು. ಒಂದು ವರ್ಷದಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಸುಮಾರು ಹತ್ತು ವರ್ಷ ಹಿಡಿಯಿತು. ಹೀಗೆ ಹುಟ್ಟಿದ ಅಕ್ಷರಜೋಡಣೆಯ ಪ್ರೋಗ್ರಾಮೇ ‘ಟೆಕ್’.

1977ರ ಬೇಸಿಗೆಯಲ್ಲಿ ನಡೆದ ಒಂದು ಪ್ರಸಂಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪ್ರೋಗ್ರಾಮ್ ಹೇಗಿರಬೇಕು ಎಂಬ ವಿವರಣೆಯನ್ನು ಬರೆದು, ಮೈಕೆಲ್ ಪ್ಲಾಸ್ ಮತ್ತು ಫ್ರ್ಯಾಂಕ್ ಲಿಯಾಂಗ್ ಎಂಬ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟು ಕ್ನೂತ್ ಚೀನಾ ಪ್ರವಾಸಕ್ಕೆ ಹೋದರು. ತನ್ನ ವಿವರಣೆ ಸಂಪೂರ್ಣವಾಗಿದೆ, ಉಳಿದದ್ದು ಬರೀ ಕೋಡ್ ಬರೆಯುವ ಕೆಲಸ ಎಂದು ಅವರು ನಂಬಿದ್ದರು. ಮರಳಿ ಬಂದಾಗ ಪೂರ್ಣ ಪ್ರೋಗ್ರಾಮ್ ಇರಲಿಲ್ಲ, ಅದರ ಒಂದು ಭಾಗ ಮಾತ್ರ ಓಡುತ್ತಿತ್ತು. ಆಮೇಲೆ ತಾವೇ ಬರೆಯಲು ಕುಳಿತಾಗ ಸತ್ಯ ತಿಳಿಯಿತು. ಸಾಲು ಸಾಲಿಗೂ ವಿವರಣೆಯಲ್ಲಿ ಇಲ್ಲದ ಪ್ರಶ್ನೆಗಳು ಏಳುತ್ತಿದ್ದವು. ಆ ಹುಡುಗರು ಅಷ್ಟಾದರೂ ಹೇಗೆ ಮಾಡಿದರು ಎಂದು ಗುರುವಿಗೇ ಬೆರಗಾಯಿತು. ಹೊಸ ವ್ಯವಸ್ಥೆಯನ್ನು ಕಲ್ಪಿಸಿದವನೇ ಅದನ್ನು ಬರೆಯಬೇಕು, ಬಳಸಬೇಕು, ಅದರ ಕೈಪಿಡಿಯನ್ನೂ ರಚಿಸಬೇಕು ಎಂಬ ಅವರ ನಿಲುವು ಗಟ್ಟಿಯಾದದ್ದು ಹೀಗೆ. ಆ ಇಬ್ಬರೂ ಸಣ್ಣವರಲ್ಲ. ಪ್ಯಾರಾವನ್ನು ಸಾಲುಗಳಾಗಿ ಒಡೆಯುವ ವಿಧಾನದಲ್ಲಿ ಪ್ಲಾಸ್, ಪದವನ್ನು ಸಾಲಿನ ಕೊನೆಯಲ್ಲಿ ಮುರಿಯುವ ವಿಧಾನದಲ್ಲಿ ಲಿಯಾಂಗ್ ಮುಂದೆ ಮಾಡಿದ ಕೆಲಸ ಇಂದಿಗೂ ಟೆಕ್‌ನ ಜೀವಾಳ.

ಕ್ನೂತ್ ಇಡೀ ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಕೈಯಲ್ಲೇ ಬರೆದರು. 1978ರ ಮಾರ್ಚ್‌ನಲ್ಲಿ ಯಂತ್ರಕ್ಕೆ ಹಾಕಿ ಓಡಿಸಿದ ಗಳಿಗೆಯಿಂದಲೇ ದಫ್ತರ ಶುರು. ತಿದ್ದಿದ್ದನ್ನೆಲ್ಲ ಬರೆದರು. ಮುಂದೆ ಭಾಷೆ ಬದಲಿಸಿ ಪ್ರೋಗ್ರಾಮನ್ನು ಬುಡದಿಂದ ಹೊಸದಾಗಿ ಬರೆದಾಗಲೂ ಪಟ್ಟಿ ನಿಲ್ಲಲಿಲ್ಲ.

ಬರೆದಿಟ್ಟಿದ್ದಷ್ಟೇ ಆಗಿದ್ದರೆ ಅದು ಶಿಸ್ತು ಎನಿಸಿಕೊಳ್ಳುತ್ತಿತ್ತು. ಅವರು ಪ್ರತಿ ನಮೂದಿಗೂ ಒಂದು ಅಕ್ಷರದ ಗುರುತು ಕೊಟ್ಟು, ಎಲ್ಲವನ್ನೂ ಹದಿನೈದು ಬಗೆಗಳಾಗಿ ವಿಂಗಡಿಸಿದರು. ಅಲ್ಲಿಂದ ಅದು ಸಂಶೋಧನೆಯಾಯಿತು. ‘ಎ’ ಗುರುತು ಲೆಕ್ಕದ ವಿಧಾನವೇ ತಪ್ಪಿದ್ದಕ್ಕೆ. ಏನು ಬರೆಯಬೇಕೆಂದು ಗೊತ್ತಿದ್ದೂ ಬೇರೇನೋ ಬರೆದಿದ್ದರೆ ‘ಬಿ’. ಮಾಡಬೇಕಾದ ಕೆಲಸವನ್ನೇ ಮರೆತಿದ್ದರೆ ‘ಎಫ್’. ಎರಡು ಭಾಗಗಳು ಒಂದಕ್ಕೊಂದು ಹೊಂದದಿದ್ದರೆ ‘ಎಂ’. ಬರೀ ಕೈತಪ್ಪಾದರೆ ‘ಟಿ’. ಅತಿ ಕಷ್ಟದ್ದು ‘ಎಸ್’: ಬಿಡಿಬಿಡಿಯಾಗಿ ಎಲ್ಲ ಸರಿಯಿದ್ದು, ಯಾರೂ ಊಹಿಸದ ಸನ್ನಿವೇಶದಲ್ಲಿ ಅವು ಒಂದಾದಾಗ ಕೆಡುವಂಥದ್ದು. ಅದು ಮೂಲ ಯೋಚನೆಯನ್ನೇ ಬದಲಿಸುವಂತೆ ಮಾಡುತ್ತದೆ. ಹದಿನೈದರಲ್ಲಿ ಒಂಬತ್ತು ಬಗೆ ನಿಜವಾದ ದೋಷಗಳು, ಆರು ಬಗೆ ಸುಧಾರಣೆಗಳು. ದೋಷ ತಿದ್ದುವಾಗ ತಪ್ಪಿತಸ್ಥನ ಭಾವ, ಸುಧಾರಣೆ ಮಾಡುವಾಗ ಪುಣ್ಯದ ಕೆಲಸ ಮಾಡಿದ ಭಾವ ಬರುತ್ತಿತ್ತು ಎಂದು ಅವರು ಬರೆದುಕೊಂಡಿದ್ದಾರೆ. ಇಷ್ಟು ಪ್ರಾಮಾಣಿಕವಾದ ಮಾತು ತಾಂತ್ರಿಕ ಬರಹದಲ್ಲಿ ಸಿಗುವುದು ಅಪರೂಪ.

ಪರೀಕ್ಷೆಯ ವಿಷಯದಲ್ಲೂ ಅವರು ತಮಗೆ ರಿಯಾಯಿತಿ ಕೊಟ್ಟುಕೊಳ್ಳಲಿಲ್ಲ. ಮನಸ್ಸನ್ನು ಸಾಧ್ಯವಾದಷ್ಟು ಕ್ರೂರ ಮಾಡಿಕೊಂಡು, ಪ್ರೋಗ್ರಾಮಿನ ಮೂಲೆಮೂಲೆಯನ್ನೂ ಹಿಂಸಿಸುವಂಥ ಅರ್ಥವಿಲ್ಲದ ಪಠ್ಯವನ್ನು ಬರೆದು ಓಡಿಸಿದರು. ಅದಕ್ಕೆ ‘ಟ್ರಿಪ್’ ಪರೀಕ್ಷೆ ಎಂದು ಹೆಸರು. ಇಂದಿಗೂ ಆ ಪರೀಕ್ಷೆ ಗೆಲ್ಲದ ಪ್ರೋಗ್ರಾಮ್ ತನ್ನನ್ನು ಟೆಕ್ ಎಂದು ಕರೆದುಕೊಳ್ಳುವಂತಿಲ್ಲ. ಜೊತೆಗೆ ತಪ್ಪು ಹುಡುಕಿದವರಿಗೆ ಬಹುಮಾನ. ಪುಸ್ತಕದ ತಪ್ಪಿಗೆ 2.56 ಡಾಲರ್. ಹದಿನಾರರ ಎಣಿಕೆಯಲ್ಲಿ 256 ಸೆಂಟುಗಳಿಗೆ ಸರಿಯಾಗಿ ನೂರು. ಟೆಕ್‌ನ ತಪ್ಪಿಗೆ ಈ ಮೊತ್ತ ವರ್ಷ ವರ್ಷವೂ ಇಮ್ಮಡಿಯಾಗುತ್ತ 327.68 ಡಾಲರಿಗೆ ನಿಂತಿತು. ಚೆಕ್ ಪಡೆದ ಎಷ್ಟೋ ಮಂದಿ ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ಚೆಕ್ ವಂಚನೆ ಹೆಚ್ಚಿ, 2008ರಲ್ಲಿ ಕ್ನೂತ್ ನಿಜವಾದ ಚೆಕ್ ಕಳಿಸುವುದನ್ನು ನಿಲ್ಲಿಸಬೇಕಾಯಿತು.

ತಪ್ಪುಗಳನ್ನು ಎಣಿಸಿದವರಲ್ಲಿ ಕ್ನೂತ್ ಮೊದಲಿಗರಲ್ಲ. ಜರ್ಮನಿಯ ಬೋಬ್ಲಿಂಗೆನ್‌ನಲ್ಲಿದ್ದ ಐಬಿಎಂ ಪ್ರಯೋಗಾಲಯದ ಆಲ್ಬರ್ಟ್ ಎಂಡ್ರೆಸ್, ಒಂದು ಆಪರೇಟಿಂಗ್ ಸಿಸ್ಟಮ್‌ನ 432 ದೋಷಗಳನ್ನು 1975ರಲ್ಲೇ ವಿಶ್ಲೇಷಿಸಿದ್ದರು. ಸುಮಾರು ಅರ್ಧದಷ್ಟು ದೋಷಗಳ ಮೂಲ ಕೋಡ್ ಬರೆಯುವ ಕೈಯಲ್ಲಿರಲಿಲ್ಲ, ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಅದನ್ನು ಒಬ್ಬರಿಗೊಬ್ಬರು ತಿಳಿಸುವುದರಲ್ಲಿ ಇತ್ತು. ಚೀನಾದಿಂದ ಮರಳಿದ ಕ್ನೂತ್ ಕಂಡುಕೊಂಡದ್ದೂ ಇದನ್ನೇ.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರಿಗೆ ನಮ್ಮ ನೆಲದ ನಂಟಿದೆ. ರಾಮ್ ಚಿಲ್ಲರಿಗೆ ಎಂಬವರು ಮೈಸೂರು ವಿಶ್ವವಿದ್ಯಾಲಯದಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿ ಅಮೆರಿಕಕ್ಕೆ ಹೋದವರು. ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದಾಗ, 1992ರಲ್ಲಿ, ಸಂಗಡಿಗರೊಂದಿಗೆ ‘ಆರ್ಥೊಗೊನಲ್ ಡಿಫೆಕ್ಟ್ ಕ್ಲಾಸಿಫಿಕೇಷನ್’ ಎಂಬ ವಿಧಾನವನ್ನು ಪ್ರಕಟಿಸಿದರು. ದೋಷವನ್ನು ತಿದ್ದುವಾಗಲೇ, ತಿದ್ದುವವರೇ, ಒಂದರ ಮೇಲೊಂದು ಬೀಳದ ಕೆಲವೇ ಬಗೆಗಳಲ್ಲಿ ಅದಕ್ಕೆ ಗುರುತು ಹಾಕಬೇಕು. ಯಾವ ಬಗೆ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ನೋಡಿದರೆ ಯೋಜನೆ ಎಲ್ಲಿ ಸೊರಗಿದೆ ಎಂಬುದು ಕೆಲಸ ನಡೆಯುತ್ತಿರುವಾಗಲೇ ತಿಳಿಯುತ್ತದೆ. ಕ್ನೂತ್ ಒಬ್ಬರೇ ತಮಗಾಗಿ ಮಾಡಿಕೊಂಡಂಥ ಕೆಲಸ ಇಲ್ಲಿ ನೂರಾರು ಜನರ ತಂಡಕ್ಕೂ ಒಗ್ಗುವ ಪದ್ಧತಿಯಾಯಿತು.

ಆಮೇಲೆ ಬಗ್‌ಗಳನ್ನು ದಾಖಲಿಸುವ ತಂತ್ರಾಂಶಗಳೇ ಬಂದವು. ಮೊಜಿಲ್ಲಾದ ‘ಬಗ್‌ಜಿಲ್ಲಾ’ 1998ರದ್ದು. ಇಂದು ದಾಖಲೆಗೆ ಕೊರತೆಯಿಲ್ಲ, ಆದರೆ ದಾಖಲಿಸುವವರ ಮನಸ್ಸು ಅದರಲ್ಲಿಲ್ಲ. ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಿಮ್ ಹೆರ್ಜಿಗ್, ಸಾಶಾ ಯುಸ್ಟ್ ಮತ್ತು ಆಂಡ್ರಿಯಾಸ್ ಝೆಲ್ಲರ್ ಐದು ಮುಕ್ತ ತಂತ್ರಾಂಶಗಳ 7,000ಕ್ಕೂ ಹೆಚ್ಚು ದಾಖಲೆಗಳನ್ನು ಕೈಯಾರೆ ಓದಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಬಗ್’ ಎಂದು ಗುರುತು ಹಾಕಿದ್ದರಲ್ಲಿ ಶೇ 33.8ರಷ್ಟು ಬಗ್‌ಗಳೇ ಅಲ್ಲ! ಯಾರದೋ ಕೋರಿಕೆ, ಯಾವುದೋ ಸುಧಾರಣೆ, ಕೈಪಿಡಿಯ ತಿದ್ದುಪಡಿ ಎಲ್ಲವೂ ಒಂದೇ ಚೀಲಕ್ಕೆ ಬಿದ್ದಿದ್ದವು. ಇಂಥ ರಾಶಿಯನ್ನು ನಂಬಿ ಕಟ್ಟಿದ ಲೆಕ್ಕಾಚಾರಗಳ ಗತಿ ಏನಾಗಬೇಕು?

ನನಗೆ ಸಿಟ್ಟು ಬರುವುದು ಇಲ್ಲಿ. ಹಿಂದೆ ನಮ್ಮ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು-ಒಪ್ಪು’ ಎಂಬ ಪುಟ ಇರುತ್ತಿತ್ತು. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗಿದ್ದದ್ದು ಹೀಗಾಗಬೇಕು ಎಂದು ಲೇಖಕನೇ ಓದುಗನಿಗೆ ಹೇಳುತ್ತಿದ್ದ. ಆ ಪುಟ ಪುಸ್ತಕಗಳಿಂದ ಮೆಲ್ಲಗೆ ಮಾಯವಾಯಿತು. ತಂತ್ರಾಂಶ ಲೋಕಕ್ಕೂ ಅದೇ ಆಗಿದೆ. ನಮ್ಮ ಫೋನಿಗೆ ದಿನ ಬೆಳಗಾದರೆ ಬರುವ ಅಪ್‌ಡೇಟ್‌ಗಳಲ್ಲಿ ‘ದೋಷ ನಿವಾರಣೆ, ಸುಧಾರಣೆ’ ಎಂಬ ಒಂದೇ ಸಾಲು. ಯಾವ ದೋಷ, ಏಕೆ ಬಂತು, ಯಾರಿಗೆ ತೊಂದರೆಯಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಮಾಡಿದವರು ಆ ಗಳಿಗೆಯಲ್ಲೇ ಬರೆದಿಡದ ತಪ್ಪನ್ನು ಆಮೇಲೆ ಯಾವ ಸಂಶೋಧಕನೂ ಸರಿಯಾಗಿ ಓದಲಾರ.

ಕ್ನೂತ್ ಅವರ ದಫ್ತರ ಇನ್ನೂ ಮುಚ್ಚಿಲ್ಲ. 1990ರಲ್ಲಿ ಮೂರನೆಯ ಆವೃತ್ತಿಗೆ ಅವರು ಟೆಕ್‌ನ ಬೆಳವಣಿಗೆ ನಿಲ್ಲಿಸಿದರು. ಅಲ್ಲಿಂದೀಚೆಗೆ ದೋಷ ತಿದ್ದಿ ಹೊಸ ಆವೃತ್ತಿ ತಂದಾಗ ಅದರ ಸಂಖ್ಯೆಗೆ ‘ಪೈ’ನ ಇನ್ನೊಂದು ಅಂಕಿ ಸೇರುತ್ತದೆ. 2021ರ ಆವೃತ್ತಿ 3.141592653. ಮುಂದಿನ ಪರಿಶೀಲನೆ 2029ಕ್ಕೆ. ತಾವು ತೀರಿಕೊಂಡ ಮೇಲೆ ಆವೃತ್ತಿಯ ಸಂಖ್ಯೆ ‘ಪೈ’ ಎಂದೇ ಆಗಲಿ, ಆಗ ಉಳಿದ ದೋಷಗಳನ್ನು ಅದರ ಗುಣಗಳೆಂದೇ ತಿಳಿಯಲಿ ಎಂದು ಅವರು ಬರೆದಿಟ್ಟಿದ್ದಾರೆ. ಇಂದು ಜಗತ್ತಿನ ಗಣಿತ ಪ್ರಬಂಧಗಳಲ್ಲಿ ಬಹುಪಾಲು ಅಚ್ಚಾಗುವುದು ಟೆಕ್‌ನಲ್ಲಿ ಅಥವಾ ಅದರ ಸಂತತಿಯಲ್ಲಿ. ಆ ವಂಶದ ‘ಝೀಟೆಕ್’ನಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ.

ಬೆಂಗಳೂರಿನಲ್ಲಿ ತಂತ್ರಾಂಶ ಬರೆದು ಬದುಕುವವರು ಲಕ್ಷಾಂತರ. ಅವರಲ್ಲಿ ಒಬ್ಬರಾದರೂ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದಾರೆ. ಅವರಿಗೆ ಕ್ನೂತ್ ಅವರ ಪ್ರಬಂಧವನ್ನು ಓದಲು ಹೇಳಿ. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು, ನಾಳೆಯಿಂದ ತಿದ್ದುವ ಪ್ರತಿ ತಪ್ಪಿಗೂ ದಿನಾಂಕ, ಕಾರಣ, ಬಗೆ ಬರೆದಿಡಲು ಹೇಳಿ. ಕಂಪನಿ ಕೇಳಲಿ, ಬಿಡಲಿ, ಹತ್ತು ವರ್ಷದ ನಂತರ ಅವರ ಬಳಿ ಇರುವ ಅತ್ಯಂತ ಬೆಲೆಬಾಳುವ ಪುಸ್ತಕ ಅದೇ ಆಗಿರುತ್ತದೆ.