ಇಸಿಜಿ ನಾರ್ಮಲ್ ಇದ್ದರೂ ಹೃದಯಾಘಾತ ಏಕೆ? ಉತ್ತರ ಇರುವುದು ರಕ್ತನಾಳದ ಗೋಡೆಯೊಳಗೆ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೃತರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಗಾಬರಿಗೊಂಡ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಸಾಲುಗಟ್ಟಿ ನಿಂತರು. ಜಿಲ್ಲೆಯಲ್ಲಿ ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದು ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಬಳಿಕ ವರದಿ ಕೊಟ್ಟಿತು. ಆದರೂ ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: ಇಸಿಜಿ ಸರಿ ಇತ್ತು, ಓಡಾಡಿಕೊಂಡು ಚೆನ್ನಾಗಿಯೇ ಇದ್ದರು, ದಿಢೀರನೆ ಹೀಗಾಗಿದ್ದು ಹೇಗೆ?

ಇದಕ್ಕೆ ಉತ್ತರ ಬರಿಗಣ್ಣಿಗೆ ಕಾಣುವುದಿಲ್ಲ. ರಕ್ತನಾಳದ ಗೋಡೆ ಮತ್ತು ಹೃದಯದ ಸ್ನಾಯುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಗುವ ಚಿತ್ರಣ ಇಲ್ಲಿದೆ.

ರಕ್ತನಾಳ ಅಂದರೆ ನೀರಿನ ಪೈಪ್ ಅಲ್ಲ

ಹಳೇ ನಲ್ಲಿ ಪೈಪಿನೊಳಗೆ ತುಕ್ಕು ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತಾ ಹೋಗುತ್ತದೆ, ಒಂದು ದಿನ ಪೂರ್ತಿ ಮುಚ್ಚುತ್ತದೆ, ಆಗ ಹೃದಯಾಘಾತ ಆಗುತ್ತದೆ. ಹೆಚ್ಚಿನವರ ಕಲ್ಪನೆ ಇದು. ಆದರೆ ಇದು ಅರ್ಧ ಸತ್ಯ ಮಾತ್ರ. ಪೈಪಿಗೆ ಜೀವವಿಲ್ಲ, ರಕ್ತನಾಳಕ್ಕೆ ಜೀವವಿದೆ.

ಹೃದಯದಿಂದ ರಕ್ತವನ್ನು ಹೊತ್ತೊಯ್ಯುವ ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಹೊರಗಿನದು ಗಟ್ಟಿಯಾದ ಕೊಲಾಜೆನ್ ನಾರುಗಳ ಹೊದಿಕೆ. ದೊಡ್ಡ ನಾಳಗಳ ಗೋಡೆಗೂ ರಕ್ತ ಬೇಕಲ್ಲ? ಅದನ್ನು ಪೂರೈಸುವ ಪುಟ್ಟ ರಕ್ತನಾಳಗಳು ಈ ಹೊದಿಕೆಯಲ್ಲಿರುತ್ತವೆ.

ನಡುವಿನ ಪದರದಲ್ಲಿ ಸ್ನಾಯು ಕೋಶಗಳೂ ರಬ್ಬರಿನಂತೆ ಹಿಗ್ಗುವ ಎಲಾಸ್ಟಿನ್ ಎಂಬ ಪ್ರೋಟೀನ್ ಕೂಡ ಇವೆ. ಹೃದಯದಿಂದ ನೇರವಾಗಿ ಹೊರಡುವ ಮಹಾಪಧಮನಿಯಲ್ಲಿ ಇಂಥ ಎಲಾಸ್ಟಿನ್ ಹಾಳೆಗಳು ಹತ್ತಾರು ಇರುತ್ತವೆ. ಹೃದಯ ಬಡಿದಾಗ ಅವು ಹಿಗ್ಗುತ್ತವೆ, ಬಡಿತಗಳ ನಡುವೆ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತವೆ. ಬಿಪಿ 120/80 ಎಂದು ಬರೆಯುವಾಗ ಎರಡನೇ ಸಂಖ್ಯೆ ಸೊನ್ನೆಗೆ ಇಳಿಯದೇ ಇರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಹೃದಯದ ಸ್ನಾಯುವಿಗೇ ರಕ್ತ ಪೂರೈಸುವುದು ಕರೋನರಿ ಅಪಧಮನಿಗಳು. ಅವುಗಳ ಮುಖ್ಯ ಕವಲುಗಳ ಅಗಲ ಸುಮಾರು 3ರಿಂದ 4 ಮಿಲಿಮೀಟರ್ ಅಷ್ಟೇ. ಹೃದಯಾಘಾತದ ಕತೆ ನಡೆಯುವುದು ಹೆಚ್ಚಾಗಿ ಇಲ್ಲೇ.

ಒಂದೇ ಸಾಲಿನ ಕೋಶಗಳ ಕಾವಲು

ಮೂರನೆಯದು ರಕ್ತಕ್ಕೆ ತಾಗುವ ಒಳಪದರ. ಅದರ ಮೇಲ್ಮೈಯಲ್ಲಿ ನೆಲಕ್ಕೆ ಟೈಲ್ಸ್ ಹಾಸಿದಂತೆ ಚಪ್ಪಟೆ ಜೀವಕೋಶಗಳು ಒಂದೇ ಸಾಲಿನಲ್ಲಿ ಜೋಡಣೆಯಾಗಿವೆ. ಇದರ ಹೆಸರು ಎಂಡೋಥೀಲಿಯಂ. ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್ ಎನ್ನುತ್ತಾರೆ. ಈ ಪದರ ಹಲವು ಕಡೆ ಅಷ್ಟೂ ದಪ್ಪ ಇರುವುದಿಲ್ಲ.

ಇದು ಬರೀ ಅಸ್ತರಿ ಎಂದೇ ಬಹಳ ಕಾಲ ನಂಬಲಾಗಿತ್ತು. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಪ್ರಕಟಿಸಿದ ಪ್ರಯೋಗ ಆ ನಂಬಿಕೆಯನ್ನು ಬದಲಿಸಿತು. ಮೊಲದ ಮಹಾಪಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಹಾಕಿದಾಗ ಅವು ಸಡಿಲಗೊಳ್ಳುತ್ತಿದ್ದವು. ಆದರೆ ಒಳಮೈಯನ್ನು ಉಜ್ಜಿ ಎಂಡೋಥೀಲಿಯಂ ತೆಗೆದುಬಿಟ್ಟರೆ ಸಡಿಲಗೊಳ್ಳುತ್ತಿರಲಿಲ್ಲ. ಅಂದರೆ ಸ್ನಾಯುವಿಗೆ 'ಸಡಿಲವಾಗು' ಎಂಬ ಸಂದೇಶ ಹೋಗುತ್ತಿದ್ದದ್ದು ಈ ತೆಳು ಪದರದಿಂದ. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎದೆನೋವಿನ ರೋಗಿಗಳು ವೈದ್ಯರ ಸಲಹೆಯಂತೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ.

ಆರೋಗ್ಯವಾಗಿರುವ ಎಂಡೋಥೀಲಿಯಂ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ರಕ್ತದಿಂದ ಯಾವುದು ಒಳಗೆ ಹೋಗಬೇಕು ಎಂಬುದನ್ನೂ ನಿಯಂತ್ರಿಸುತ್ತದೆ. ಬೀಡಿ, ಸಿಗರೇಟ್, ಅಧಿಕ ಬಿಪಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮೊದಲು ಪೆಟ್ಟು ಕೊಡುವುದು ಈ ಕಾವಲಿಗೇ.

ಕೊಬ್ಬು ಕೂರುವುದು ಗೋಡೆಯ ಮೇಲಲ್ಲ, ಒಳಗೆ

ಕಾವಲು ದುರ್ಬಲವಾದ ಕಡೆ, ಅದರಲ್ಲೂ ನಾಳ ಕವಲೊಡೆಯುವ ಜಾಗಗಳಲ್ಲಿ, ಕೆಟ್ಟ ಕೊಲೆಸ್ಟ್ರಾಲ್ ಎನ್ನಲಾಗುವ ಎಲ್‌ಡಿಎಲ್ ಕಣಗಳು ಒಳಪದರಕ್ಕೆ ನುಸುಳಿ ಅಲ್ಲೇ ಉಳಿಯುತ್ತವೆ. ಅವನ್ನು ಸ್ವಚ್ಛ ಮಾಡಲು ಬಿಳಿ ರಕ್ತಕಣಗಳು ಬೆನ್ನಟ್ಟಿ ಬರುತ್ತವೆ. ಕೊಬ್ಬನ್ನು ನುಂಗಿ ನುಂಗಿ ಉಬ್ಬಿದ ಈ ಕಣಗಳು ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವುದರಿಂದ ಅವಕ್ಕೆ ನೊರೆ ಕೋಶಗಳೆಂದೇ ಹೆಸರು. ಅವು ಸತ್ತು ರಾಶಿ ಬಿದ್ದಾಗ ದೇಹ ಆ ರಾಶಿಯ ಮೇಲೆ ನಾರಿನ ಮುಚ್ಚಳ ಕಟ್ಟುತ್ತದೆ. ಇದೇ ಪ್ಲೇಕ್.

ಪ್ಲೇಕ್ ಬೆಳೆದಂತೆ ನಾಳ ಮೊದಮೊದಲು ಹೊರಮುಖವಾಗಿ ಉಬ್ಬಿ ರಕ್ತಕ್ಕೆ ದಾರಿ ಬಿಟ್ಟುಕೊಡುತ್ತದೆ. 1987ರಲ್ಲಿ ಸೀಮೋರ್ ಗ್ಲಾಗೊವ್ ಮತ್ತು ಸಂಗಡಿಗರು ಮೃತರ ಕರೋನರಿ ನಾಳಗಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು. ನಾಳದ ಒಳ ವಿಸ್ತೀರ್ಣದ ಸುಮಾರು 40 ಶೇಕಡಾ ಭಾಗವನ್ನು ಪ್ಲೇಕ್ ಆಕ್ರಮಿಸುವವರೆಗೂ ರಕ್ತದ ದಾರಿ ಅಷ್ಟಾಗಿ ಕಿರಿದಾಗುವುದಿಲ್ಲ ಎಂಬುದು ಅವರ ಲೆಕ್ಕ. ಹಾಗಾಗಿಯೇ ವರ್ಷಗಟ್ಟಲೆ ನೋವೂ ಇಲ್ಲ, ಉಬ್ಬಸವೂ ಇಲ್ಲ.

ಇದು ವಯಸ್ಸಾದವರ ಕಾಯಿಲೆ ಎಂಬ ನಂಬಿಕೆಯೂ 1953ರಲ್ಲೇ ಅಲುಗಾಡಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷಿಸಿದಾಗ 77.3 ಶೇಕಡಾ ಮಂದಿಯಲ್ಲಿ ಕರೋನರಿ ಕಾಯಿಲೆಯ ಗುರುತು ಸಿಕ್ಕಿತ್ತು. ಅವರ ಸರಾಸರಿ ವಯಸ್ಸು 22.

ಮುಚ್ಚಳ ಒಡೆದ ಆ ಕ್ಷಣ

ಎಲ್ಲ ಪ್ಲೇಕ್‌ಗಳೂ ಒಂದೇ ಥರ ಅಪಾಯಕಾರಿ ಅಲ್ಲ. ದಪ್ಪ ಮುಚ್ಚಳ ಇರುವುದು ಹೆಚ್ಚು ಗಟ್ಟಿ. ಮುಚ್ಚಳ 65 ಮೈಕ್ರಾನ್‌ಗಿಂತ ತೆಳುವಾಗಿದ್ದು, ಒಳಗೆ ಮೆದು ಕೊಬ್ಬು ತುಂಬಿದ್ದರೆ ಒಡೆಯುವ ಭಯ ಹೆಚ್ಚು. ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟೇ ದಪ್ಪ ಅದು. ಮುಚ್ಚಳ ಒಡೆದರೆ ಒಳಗಿನ ರಾಶಿ ರಕ್ತಕ್ಕೆ ತಾಗುತ್ತದೆ. ಗಾಯವಾಗಿದೆ ಎಂದು ತಿಳಿದ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಬೆಳಗ್ಗೆವರೆಗೆ ಆರಾಮಾಗಿ ರಕ್ತ ಹರಿಯುತ್ತಿದ್ದ ನಾಳ ಕೆಲವೇ ನಿಮಿಷಗಳಲ್ಲಿ ಬಂದ್ ಆಗಬಹುದು. ಸಾವು ದಿಢೀರ್ ಎನಿಸಿದರೂ ಅದರ ಸಿದ್ಧತೆ ದಶಕಗಳಿಂದ ನಡೆದಿರುತ್ತದೆ.

ಯಾವ ಪರೀಕ್ಷೆ ಏನನ್ನು ನೋಡುತ್ತದೆ?

ಇಸಿಜಿ ದಾಖಲಿಸುವುದು ಆ ಹೊತ್ತಿನಲ್ಲಿ ಹೃದಯದ ವಿದ್ಯುತ್ ಚಟುವಟಿಕೆಯನ್ನು. ಗೋಡೆಯೊಳಗಿನ ಪ್ಲೇಕ್ ಅದಕ್ಕೆ ಕಾಣುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಗೊತ್ತಾಗುವುದು ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ನಾಳ ಕಿರಿದಾಗಿದ್ದರೆ. ಸಾಮಾನ್ಯ ಆಂಜಿಯೋಗ್ರಾಮ್‌ನಲ್ಲಿ ಡೈ ಹರಿದ ದಾರಿಯ ನೆರಳು ಕಾಣುತ್ತದೆಯೇ ಹೊರತು ಗೋಡೆಯಲ್ಲ.

ಹಾಗೆಂದು ಇಸಿಜಿ ಬೇಡ ಎಂದಲ್ಲ. ಎದೆನೋವು ಬಂದ ಹೊತ್ತಿನಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಯೇ ಅದು. ನೋವಿಲ್ಲದಾಗ ತೆಗೆದ ಇಸಿಜಿ ಮುಂದಿನ ತಿಂಗಳಿಗೆ ಗ್ಯಾರಂಟಿ ಪತ್ರ ಅಲ್ಲ, ಅಷ್ಟೇ.

ಹೃದಯದ ಸ್ನಾಯುವಿಗೆ ಕಾಯಲು ಆಗದು ಏಕೆ?

ಸೂಕ್ಷ್ಮದರ್ಶಕದಲ್ಲಿ ಹೃದಯದ ಸ್ನಾಯು ಕೋಶಗಳು ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಂತೆ ಕಾಣುತ್ತವೆ. ಕೋಶಗಳು ಸೇರುವ ಕಡೆ ಎರಡು ಬಗೆಯ ವ್ಯವಸ್ಥೆ ಇದೆ. ಒಂದು, ಎಳೆತಕ್ಕೆ ಬಿಚ್ಚಿಕೊಳ್ಳದಂತೆ ಹಿಡಿದಿಡುವ ಬೆಸುಗೆ. ಇನ್ನೊಂದು, ವಿದ್ಯುತ್ ಸಂದೇಶ ಕೋಶದಿಂದ ಕೋಶಕ್ಕೆ ದಾಟುವ ಸಣ್ಣ ರಂಧ್ರಗಳು. ಕೋಟ್ಯಂತರ ಕೋಶಗಳು ಒಂದೇ ತಾಳದಲ್ಲಿ ಬಡಿಯುವುದು ಇದರಿಂದಲೇ. ಕೆಲವು ಕೋಶಗಳು ಸತ್ತಾಗ ಈ ತಾಳ ತಪ್ಪಿ ಹೃದಯ ಸ್ತಂಭನವೂ ಆಗಬಹುದು.

ಈ ಕೋಶಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗದಷ್ಟು ಜಾಗವನ್ನು ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳೇ ತುಂಬಿಕೊಂಡಿವೆ. ಅವಕ್ಕೆ ಸದಾ ಆಮ್ಲಜನಕ ಬೇಕು. ಅದಕ್ಕಾಗಿ ಬಹುತೇಕ ಪ್ರತಿಯೊಂದು ಸ್ನಾಯು ಎಳೆಯ ಪಕ್ಕದಲ್ಲೂ ಒಂದು ಲೋಮನಾಳ ಹಾದುಹೋಗುತ್ತದೆ. ಈ ಲೋಮನಾಳ ಎಷ್ಟು ಸಣ್ಣದೆಂದರೆ ಸುಮಾರು 7ರಿಂದ 8 ಮೈಕ್ರಾನ್ ಅಗಲದ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದರಂತೆ ಮೈ ಮಡಚಿಕೊಂಡು ಸಾಗಬೇಕು.

ರಕ್ತ ನಿಂತರೆ ಸುಮಾರು 20ರಿಂದ 30 ನಿಮಿಷಗಳಲ್ಲಿ ಸ್ನಾಯು ಕೋಶಗಳು ಸಾಯಲು ಶುರುವಾಗುತ್ತವೆ. ಮುಂದಿನ ಕೆಲವು ಗಂಟೆಗಳಲ್ಲಿ ಹಾನಿ ಒಳಮೈಯಿಂದ ಹೊರಮೈಯತ್ತ ಹಬ್ಬುತ್ತದೆ. ಸತ್ತ ಕೋಶದಿಂದ ಸೋರುವ ಟ್ರೊಪೊನಿನ್ ಎಂಬ ಪ್ರೋಟೀನನ್ನೇ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಿಂದ ಪತ್ತೆ ಮಾಡುತ್ತಾರೆ. ಅದು ರಕ್ತದಲ್ಲಿ ಏರಲು ಸಮಯ ಬೇಕಾದ್ದರಿಂದ ಕೆಲವೊಮ್ಮೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತಾರೆ.

ಚರ್ಮದಂತೆ ಈ ಸ್ನಾಯು ಮತ್ತೆ ಬೆಳೆಯುವುದಿಲ್ಲ. 2009ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ಕಂಡುಕೊಂಡಂತೆ, 25ನೇ ವಯಸ್ಸಿನಲ್ಲಿ ಹೃದಯದ ಸ್ನಾಯು ಕೋಶಗಳ ಪೈಕಿ ವರ್ಷಕ್ಕೆ ಹೊಸದಾಗುವುದು ಸುಮಾರು 1 ಶೇಕಡಾ ಮಾತ್ರ. 75ರ ಹೊತ್ತಿಗೆ ಅದು 0.45 ಶೇಕಡಾಕ್ಕೆ ಇಳಿಯುತ್ತದೆ. ಸತ್ತ ಜಾಗದಲ್ಲಿ ಉಳಿಯುವುದು ಕಲೆ. ಕಲೆ ಬಡಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

* ಎದೆಯಲ್ಲಿ ಭಾರ, ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹಬ್ಬುವ ನೋವು, ತಣ್ಣನೆ ಬೆವರು, ಉಸಿರು ಕಟ್ಟಿದಂತಾಗುವುದು ಇದ್ದರೆ 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು ಮಲಗಬೇಡಿ. ಮಹಿಳೆಯರು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಲಕ್ಷಣ ಇಷ್ಟು ಸ್ಪಷ್ಟವಾಗಿ ಇರದಿರಬಹುದು.
* ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108ಕ್ಕೆ, ದೇಶದ ಎಲ್ಲೇ ಇದ್ದರೂ 112ಕ್ಕೆ ಕರೆ ಮಾಡಿ.
* ತಂಬಾಕು ಬಿಡಿ. ಬಿಪಿ, ಸಕ್ಕರೆ, ಎಲ್‌ಡಿಎಲ್ ಎಷ್ಟಿದೆ ಎಂದು ತಿಳಿದುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ವೈದ್ಯರಿಗೆ ತಪ್ಪದೇ ಹೇಳಿ.
* ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರೆ, ಕೊಲೆಸ್ಟ್ರಾಲ್ ಇಳಿಯಿತು ಎಂದು ನೀವಾಗಿಯೇ ನಿಲ್ಲಿಸಬೇಡಿ. ಅದು ಎಲ್‌ಡಿಎಲ್ ಇಳಿಸುವುದರ ಜತೆಗೆ ಪ್ಲೇಕ್‌ನ ಮುಚ್ಚಳ ಗಟ್ಟಿಯಾಗಲೂ ನೆರವಾಗುತ್ತದೆ. ಅಡ್ಡ ಪರಿಣಾಮ ಎನಿಸಿದರೆ ವೈದ್ಯರನ್ನೇ ಕೇಳಿ.