ಪುಕ್ಕಟೆ ಪೋಕರ್: ಕೆಳಗಿಟ್ಟ ಎಲೆಯ ಲೆಕ್ಕ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ತುಂಗಭದ್ರೆ ದಾಟಿ ಹಂಪಿಗೆ ಹೋದವರು ಮಂಟಪಗಳ ಹಾಸುಗಲ್ಲನ್ನು ಗಮನಿಸಿದರೆ ಅಲ್ಲಲ್ಲಿ ಕೊರೆದ ಮನೆಗಳು, ಗೆರೆಗಳು ಕಾಣುತ್ತವೆ. ಅವು ಆಟದ ಮನೆಗಳು. ಎರಡು ಹಿಡಿ ಹರಳು, ಎದುರಿಗೊಬ್ಬ ಜೊತೆಗಾರ ಇದ್ದರೆ ಆಟಕ್ಕೆ ಸಾಕಿತ್ತು. ಸೋತವನು ಹರಳು ಚೆಲ್ಲಿ ಎದ್ದು ಹೋಗಬಹುದಿತ್ತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಇಂದು ಆಟವೆಂದರೆ ಇಸ್ಪೀಟು ಮೊದಲು ನೆನಪಾಗುತ್ತದೆ. ದೀಪಾವಳಿಯ ಪಾಡ್ಯದ ರಾತ್ರಿ ಕಟ್ಟೆಯ ಮೇಲೆ ಎಲೆ ಹಂಚುವುದು ರೂಢಿಯೆಂದೇ ಅನೇಕರ ನಂಬಿಕೆ. ಅಂದರ್-ಬಾಹರ್ ಆಡುವವರ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿಯೂ ಹೊಸದಲ್ಲ. ಮೊಬೈಲ್ ಬಂದ ಮೇಲೆ ಕಟ್ಟೆ ಅಂಗೈಗೆ ಬಂದಿತು. ಅದರೊಂದಿಗೆ ‘ಪ್ರವೇಶ ಉಚಿತ, ಬಹುಮಾನ ಖಚಿತ’ ಎಂಬ ಧಾಟಿಯ ಕರೆಯೂ ಬಂದಿತು. ಈ ಪುಕ್ಕಟೆ ಪೋಕರ್ ಪಂದ್ಯ ಎಂದರೇನು? ಅದನ್ನು ಜಾಣತನದಿಂದ ಆಡುವ ಬಗೆ ಯಾವುದು? ಆಡಿ ಗೆದ್ದವನಿಗೆ ಕೊನೆಗೆ ದಕ್ಕುವುದೇನು?

ಅದೃಷ್ಟವೋ, ಜಾಣ್ಮೆಯೋ?

ಈ ಪ್ರಶ್ನೆಗೂ ಈ ಸೀಮೆಗೂ ಹಳೆಯ ನಂಟಿದೆ. 1956ರ ನವೆಂಬರ್ 1ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದಲ್ಲಿ ಫಸಲಿ 1305ರಲ್ಲಿ ಒಂದು ಜೂಜು ಕಾಯ್ದೆ ಜಾರಿಯಾಗಿತ್ತು. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಇದೇ ಕಾಯ್ದೆಯಡಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರೆಲೆ ಆಟದಂತೆ ರಮ್ಮಿ ಕೇವಲ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡಲು ಹಾಗೂ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಲು ಜಾಣ್ಮೆ ಬೇಕು ಎಂದು 1967ರಲ್ಲಿ ನ್ಯಾಯಾಲಯ ಹೇಳಿತು. ಮುಂದೆ ಪೋಕರ್ ಪರವಾಗಿ ವಾದಿಸಿದವರೆಲ್ಲ ಹಿಡಿದದ್ದು ಈ ತೀರ್ಪಿನ ಎಳೆಯನ್ನೇ.

ಪೋಕರಿನ ಪ್ರಚಲಿತ ಬಗೆಯಲ್ಲಿ ಆಟಗಾರನ ಕೈಗೆ ಎರಡು ಗುಪ್ತ ಎಲೆ ಬರುತ್ತವೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಹಂತ ಹಂತವಾಗಿ ಬಿಚ್ಚಲಾಗುತ್ತದೆ. ಈ ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವರದೇ ಗೆಲುವು. ಪ್ರತಿ ಹಂತದಲ್ಲೂ ಬಿಲ್ಲೆಗಳನ್ನು ಪಣಕ್ಕಿಡಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಮೂರೆಲೆಯವರು ‘ಪ್ಯಾಕ್’ ಎನ್ನುವುದು ಇದನ್ನೇ. ಪುಕ್ಕಟೆ ಪಂದ್ಯದಲ್ಲಿ ಎಲ್ಲರಿಗೂ ಸಮನಾದ ಬಿಲ್ಲೆಗಳು ಸಿಗುತ್ತವೆ. ಅವು ಮುಗಿದರೆ ಆಟ ಮುಗಿಯಿತು. ಕೊನೆಯವರೆಗೆ ಉಳಿದ ಕೆಲವರಿಗೆ ಮಾತ್ರ ಬಹುಮಾನ.

ಮೊದಲ ಗಂಟೆಯ ಗದ್ದಲ

ಕೈಯಿಂದ ಏನೂ ಕೊಡದವನಿಗೆ ಕಳೆದುಕೊಳ್ಳುವ ಭಯವಿಲ್ಲ. ಹೀಗಾಗಿ ಪುಕ್ಕಟೆ ಪಂದ್ಯದ ಆರಂಭದಲ್ಲಿ ಅನೇಕರು ಎಂಥ ಎಲೆ ಬಂದರೂ ಇದ್ದಬದ್ದ ಬಿಲ್ಲೆಯನ್ನೆಲ್ಲ ನಡುವೆ ದೂಡುತ್ತಾರೆ. ಈ ಗದ್ದಲದಲ್ಲಿ ಎದುರಾಳಿಯನ್ನು ಹೆದರಿಸಲು ಹೋಗುವುದು ವ್ಯರ್ಥ, ಏಕೆಂದರೆ ಹೆದರುವವರೇ ಅಲ್ಲಿಲ್ಲ. ಒಳ್ಳೆಯ ಎಲೆಗೆ ಕಾಯುವುದು, ಉಳಿದದ್ದನ್ನು ಕೆಳಗಿಡುವುದು, ಇದೇ ಮೊದಲ ಪಾಠ.

ಇಲ್ಲಿಯೂ ಲೆಕ್ಕ ಬೇಕು. 52 ಎಲೆಗಳಿಂದ ಎರಡೆಲೆಯ 1,326 ಜೋಡಿಗಳನ್ನು ಮಾಡಬಹುದು. ಅವುಗಳಲ್ಲಿ ಎರಡೂ ಎಕ್ಕಗಳಾಗಿರುವುದು ಆರೇ ಆರು. ಎಂದರೆ ಸರಾಸರಿ 221 ಆಟಕ್ಕೊಮ್ಮೆ ಆ ಭಾಗ್ಯ. ಎರಡು ಎಕ್ಕ ಹಿಡಿದವನು ಯಾವುದೋ ಎಲೆ ಹಿಡಿದ ಒಬ್ಬನ ಎದುರು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತಾನೆ. ಆದರೆ ನಾಲ್ವರು ಒಟ್ಟಿಗೆ ನುಗ್ಗಿದರೆ ಆ ಪಾಲು ಸುಮಾರು 56ಕ್ಕೆ ಇಳಿಯುತ್ತದೆ. ಅತ್ಯುತ್ತಮ ಎಲೆ ಹಿಡಿದವನೂ ಜನಜಂಗುಳಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲ ಸೋಲುತ್ತಾನೆ. ಆದ್ದರಿಂದ ಬಲವಾದ ಎಲೆ ಬಂದಾಗ ಮೊದಲೇ ದೊಡ್ಡ ಪಣ ಕಟ್ಟಿ, ಎದುರಾಳಿಗಳನ್ನು ಒಬ್ಬಿಬ್ಬರಿಗೆ ಇಳಿಸುವುದು ಲೇಸು.

ನೀರಾವರಿ ಮತ್ತು ಖುಷ್ಕಿ

ಎರಡನೆಯ ಘಟ್ಟದಲ್ಲಿ ಆಟದ ಸ್ವರೂಪವೇ ಬದಲಾಗುತ್ತದೆ. ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಪಣಕ್ಕೆ ‘ಬ್ಲೈಂಡ್’ ಎನ್ನುತ್ತಾರೆ. ಇದು ನಿಗದಿತ ಹೊತ್ತಿಗೊಮ್ಮೆ ಏರುತ್ತ ಹೋಗುತ್ತದೆ. 3,000 ಬಿಲ್ಲೆಯೊಂದಿಗೆ ಕುಳಿತವನಿಗೆ ದೊಡ್ಡ ಬ್ಲೈಂಡ್ 20 ಇದ್ದಾಗ 150 ಬ್ಲೈಂಡಿನ ಆಸ್ತಿ ಇರುತ್ತದೆ. ಬ್ಲೈಂಡ್ 400ಕ್ಕೆ ಏರಿದಾಗ ಅವನ ಬಳಿ 4,000 ಇದ್ದರೂ ಅದು ಹತ್ತೇ ಬ್ಲೈಂಡಿಗೆ ಸಮ. ಬಿಲ್ಲೆ ಹೆಚ್ಚಾಗಿದೆ, ಬಲ ಕುಗ್ಗಿದೆ.

ಈ ಜಿಲ್ಲೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಗಾವತಿಯ ಕಡೆ ಕಾಲುವೆ ನೀರು ನಂಬಿ ಭತ್ತ ನಾಟಿ ಮಾಡುವವನ ಲೆಕ್ಕವೇ ಬೇರೆ, ಕುಷ್ಟಗಿ–ಯಲಬುರ್ಗಾದಲ್ಲಿ ಮುಗಿಲು ನೋಡಿ ಬಿತ್ತುವವನ ಲೆಕ್ಕವೇ ಬೇರೆ. ಖುಷ್ಕಿ ರೈತ ಮೊದಲ ಹನಿಗೇ ಬೀಜವೆಲ್ಲ ಚೆಲ್ಲುವುದಿಲ್ಲ. ಹದ ಬಂದ ದಿನ ಹಿಂಜರಿಯುವುದೂ ಇಲ್ಲ, ಹದ ತಪ್ಪಿದರೆ ಬೀಜ ಕಣಜದಲ್ಲಿದ್ದೂ ಫಲವಿಲ್ಲ. ಹತ್ತು ಬ್ಲೈಂಡಿಗೆ ಇಳಿದ ಆಟಗಾರನ ಸ್ಥಿತಿಯೂ ಇದೇ. ಸಣ್ಣ ಸಣ್ಣ ಪಣ ಕಟ್ಟಿ ಸವೆಯುವ ಬದಲು, ತಕ್ಕ ಎಲೆ ಬಂದಾಗ ಎಲ್ಲವನ್ನೂ ಒಮ್ಮೆಗೇ ಇಡಬೇಕು, ಇಲ್ಲವೇ ಸುಮ್ಮನೆ ಕೆಳಗಿಡಬೇಕು. ನಡುವಿನ ದಾರಿ ಇಲ್ಲ. ಅದರಲ್ಲೂ ಎಲ್ಲರ ಸರದಿ ಮುಗಿದ ಮೇಲೆ ಕೊನೆಗೆ ಮಾತಾಡುವ ಜಾಗದಲ್ಲಿದ್ದಾಗ ಧೈರ್ಯ ಮಾಡುವುದು ವಿವೇಕ. ಇತರರ ನಡೆ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಬಹುಮಾನದ ಹೊಸ್ತಿಲು ಮೂರನೆಯ ಘಟ್ಟ. ಐವತ್ತು ಜನರಿಗೆ ಬಹುಮಾನವಿದ್ದು ಐವತ್ತೈದು ಜನ ಉಳಿದಿದ್ದಾರೆ ಎನ್ನಿ. ಈಗ ಹೊರಬೀಳಲು ಯಾರಿಗೂ ಮನಸ್ಸಿಲ್ಲ. ಮೊದಲ ಗಂಟೆಯಲ್ಲಿ ಹೆದರದಿದ್ದವರೂ ಈಗ ಹೆದರುತ್ತಾರೆ. ಹೆಚ್ಚು ಬಿಲ್ಲೆ ಇರುವವನು ಸಾಧಾರಣ ಎಲೆಯಿಂದಲೂ ಪಣ ಏರಿಸಿ ಬ್ಲೈಂಡುಗಳನ್ನು ಬಾಚಿಕೊಳ್ಳುವುದು ಈ ಹೊತ್ತಿನಲ್ಲೇ.

ಲೆಕ್ಕ ಕೊನೆಯವರೆಗೂ ಹಾಕಿದರೆ

ಈ ಎಲ್ಲ ಪಾಠಗಳ ಸಾರ ಒಂದೇ: ಎಲೆ ಹಿಡಿಯುವ ಮೊದಲು ಲೆಕ್ಕ ಹಾಕು. ಹಾಗಾದರೆ ಪಂದ್ಯಕ್ಕೂ ಅದೇ ಲೆಕ್ಕ ಹಾಕಿ ನೋಡಬೇಕಲ್ಲವೇ? ಉದಾಹರಣೆಗೆ, 5,000 ರೂಪಾಯಿ ಬಹುಮಾನದ ಪಂದ್ಯಕ್ಕೆ 2,000 ಜನ ಕುಳಿತರು ಎನ್ನಿ. ತಲೆಗೆ ಬರುವುದು ಎರಡೂವರೆ ರೂಪಾಯಿ. ಐವತ್ತು ಬಹುಮಾನವಿದ್ದರೆ ಸಾಧಾರಣ ಆಟಗಾರ ನಲವತ್ತು ಸಲ ಆಡಿ ಮೂವತ್ತೊಂಬತ್ತು ಸಲ ಬರಿಗೈಲಿ ಏಳುತ್ತಾನೆ. ಮೇಲಿನ ಪಾಠಗಳನ್ನೆಲ್ಲ ಅರಗಿಸಿಕೊಂಡು ಇತರರಿಗಿಂತ ಮೂರು ಪಟ್ಟು ಚೆನ್ನಾಗಿ ಆಡಿದವನ ಪಾಲೂ ಸರಾಸರಿ ಏಳೂವರೆ ರೂಪಾಯಿ ಮಾತ್ರ. ಅದಕ್ಕೆ ಎರಡು ಗಂಟೆ ಹಿಡಿದರೆ ಗಂಟೆಗೆ ನಾಲ್ಕು ರೂಪಾಯಿಯೂ ಬೀಳುವುದಿಲ್ಲ.

ಸೊನ್ನೆಯಿಂದ ಮೇಲೇರಿದವರಿಲ್ಲವೇ? ಇದ್ದಾರೆ. 2000ದ ವಿಶ್ವ ಪೋಕರ್ ಚಾಂಪಿಯನ್ ಕ್ರಿಸ್ ಫರ್ಗುಸನ್ 2006ರಲ್ಲಿ ಪುಕ್ಕಟೆ ಪಂದ್ಯಗಳಿಂದಲೇ ಶುರುಮಾಡಿ, ಹತ್ತು ಸಾವಿರ ಡಾಲರ್ ಗಳಿಸಿ ತೋರಿಸಿದರು. ಇದ್ದ ಹಣದ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಂದು ಆಟಕ್ಕೆ, ಎರಡಕ್ಕಿಂತ ಹೆಚ್ಚನ್ನು ಒಂದು ದೊಡ್ಡ ಪಂದ್ಯಕ್ಕೆ ಇಡಬಾರದು ಎಂಬುದು ಅವರ ಕಟ್ಟುನಿಟ್ಟು. ಆದರೂ ವಿಶ್ವ ಚಾಂಪಿಯನ್ನನಿಗೆ ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅವರು ಆಡಿದ, ಅವರೂ ಒಬ್ಬ ನಿರ್ದೇಶಕರಾಗಿದ್ದ ಆ ಸಂಸ್ಥೆಯ ಮೇಲೆ 2011ರಲ್ಲಿ ಅಮೆರಿಕ ಸರ್ಕಾರ ಕ್ರಮ ಕೈಗೊಂಡಾಗ ಸಾಮಾನ್ಯ ಆಟಗಾರರ ಹಣ ವರ್ಷಗಟ್ಟಲೆ ಸಿಕ್ಕಿಬಿದ್ದಿತು.

ಹಾಗಿದ್ದರೆ ಪುಕ್ಕಟೆ ಪಂದ್ಯವನ್ನು ಸಂಸ್ಥೆಗಳು ನಡೆಸಿದ್ದೇಕೆ? ಸಂತೆಯಲ್ಲಿ ಬೆಲ್ಲದ ಅಂಗಡಿಯವನು ಒಂದು ಚೂರನ್ನು ಬಾಯಿಗೆ ಹಾಕುವಂತೆ ಇದು. ಪುಕ್ಕಟೆಯಲ್ಲಿ ಹುಚ್ಚಾಪಟ್ಟೆ ಆಡುವವರನ್ನು ಸೋಲಿಸಿದ ಹುಡುಗ ತಾನು ಪಳಗಿದೆನೆಂದು ತಿಳಿಯುತ್ತಾನೆ. ಪಕ್ಕದ ಹಣದ ಮೇಜಿಗೆ ಹೋದಾಗ ಎದುರಿಗೆ ಕುಳಿತವನು ಲೆಕ್ಕ ಬಲ್ಲವನಾಗಿರುತ್ತಾನೆ. ಪ್ರತಿ ಆಟದಲ್ಲಿ ಸಂಸ್ಥೆಯ ಪಾಲು ಬೇರೆ. ಹಣದ ಆನ್‌ಲೈನ್ ಆಟಗಳಲ್ಲಿ ದೇಶದ ಸುಮಾರು 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು 2025ರಲ್ಲಿ ಕೇಂದ್ರ ಸರ್ಕಾರದ ಅಂದಾಜಾಗಿತ್ತು.

ಕಾನೂನಿನ ದಾರಿ

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. ಜಾಣ್ಮೆಯ ಆಟವನ್ನು ಜೂಜಿನ ಸಾಲಿಗೆ ಸೇರಿಸಬಾರದು ಎಂಬ ಹಳೆಯ ವಾದ ಮತ್ತೆ ಗೆದ್ದಿತು. ಆದರೆ ಸಂಸತ್ತು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಕೇಂದ್ರ ಕಾಯ್ದೆ ಆ ಭೇದವನ್ನೇ ಬದಿಗಿಟ್ಟಿತು. ಜಾಣ್ಮೆಯಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣದ ಆಸೆಗೆ ಆಡುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ದೊಡ್ಡ ಸಂಸ್ಥೆಗಳು ಅದೇ ತಿಂಗಳು ಹಣದ ಮೇಜುಗಳನ್ನು ಮುಚ್ಚಿದವು. ಕಾಯ್ದೆಯನ್ನು ಪ್ರಶ್ನಿಸಿ ಹೈಕೋರ್ಟುಗಳಿಗೆ ಹೋದ ಅರ್ಜಿಗಳು ಅದೇ ವರ್ಷ ಸುಪ್ರೀಂ ಕೋರ್ಟಿಗೆ ವರ್ಗವಾದವು. ಹಣ ಕಟ್ಟದೆ ಮನರಂಜನೆಗಾಗಿ ಆಡುವ ಆಟಕ್ಕೆ ಕಾಯ್ದೆಯ ಅಡ್ಡಿಯಿಲ್ಲ.

ಆದ್ದರಿಂದ ಪುಕ್ಕಟೆ ಪೋಕರ್ ಕಲಿಯಬಾರದೆಂದಲ್ಲ. ಎಣಿಕೆ, ತಾಳ್ಮೆ, ಎದುರಾಳಿಯ ಮನಸ್ಸು ಓದುವುದು, ಇವನ್ನೆಲ್ಲ ಅದು ಕಲಿಸುತ್ತದೆ. ಜೂಜಿನ ಮೇಜಿನಲ್ಲಿ ಧರ್ಮರಾಯನಿಗೆ ಗೊತ್ತಿಲ್ಲದೆ ಹೋದದ್ದು ದಾಳ ಎಸೆಯುವ ಬಗೆ ಮಾತ್ರವಲ್ಲ, ಏಳುವ ಹೊತ್ತು ಕೂಡ. ಫೋನಿನ ಪರದೆಯ ಮೇಲೆ ‘ಹಣ ಸೇರಿಸಿ’ ಎಂಬ ಗುಂಡಿ ಕಂಡ ಗಳಿಗೆಯಲ್ಲಿ ಎಲೆ ಕೆಳಗಿಟ್ಟು ಎದ್ದವನು, ಹಂಪಿಯ ಮಂಟಪದಲ್ಲಿ ಹರಳು ಚೆಲ್ಲಿ ಮನೆಗೆ ಹೋದವನಂತೆ, ಆಡಿಯೂ ಏನನ್ನೂ ಕಳೆದುಕೊಳ್ಳುವುದಿಲ್ಲ.